ಕೋರಂ ತುಂಬಿದ ಮೇಲೆ

ಬೆಳಿಗ್ಗೆ ಆರೂವರೆಯ ಹೊತ್ತಿಗೆ ನಮ್ಮ ಮನೆಯಿಂದ ಒಂದು ಸಪ್ಪಳ ಕೇಳುತ್ತದೆ. ಹೊಸದಾಗಿ ಬಂದವರು ರೊಟ್ಟಿ ಬಡಿಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ‘ಏನ್ರಿ ಟೀಚರ್, ಇಷ್ಟ ಲಗೂನ ರೊಟ್ಟಿಗೆ ಕುಂತೀರಿ?’ ಎಂದು ಕೇಳಿದವರೂ ಇದ್ದಾರೆ. ಅದು ರೊಟ್ಟಿಯಲ್ಲ, ನಮ್ಮ ಅತ್ತೆಯವರ ಬೆನ್ನು. ಅಂಗೈಯನ್ನು ಬಟ್ಟಲಿನಂತೆ ಮಡಿಚಿ, ಬೆನ್ನಿನ ಎಡಗಡೆ ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ ಬಡಿಯಬೇಕು. ಅವರು ಮಗ್ಗುಲಾಗಿ, ತಲೆ ತುಸು ಕೆಳಗೆ ಮಾಡಿ ಮಲಗಿರುತ್ತಾರೆ. ಬಡಿಯುತ್ತ ಬಡಿಯುತ್ತ ಎದೆಯೊಳಗಿನ ಕಫ ಸಡಿಲಾಗಿ ಮೇಲೆ ಬರುತ್ತದೆ. ನಾನು ಮೆಲ್ಲಗೆ ಬಡಿದರೆ ಅವರಿಗೆ ಸಿಟ್ಟು. ‘ಜೋರ ಬಡಿಯವಾ, ನಾ ಏನ್ ಮುರದ ಹೋಗೂದಿಲ್ಲ’ ಅನ್ನುತ್ತಾರೆ. ಅವರಿಗೀಗ ಎಂಬತ್ತು ದಾಟಿದೆ. (ಕಫದಲ್ಲಿ ರಕ್ತ ಕಂಡ ದಿನ ಮಾತ್ರ ಬಡಿಯಬಾರದು, ವೈದ್ಯರ ಹತ್ತಿರ ಹೋಗಬೇಕು. ಇದನ್ನು ಓದಿ ಯಾರಾದರೂ ತಮ್ಮ ಮನೆಯ ಹಿರಿಯರ ಬೆನ್ನು ಬಡಿಯಲು ಹೊರಟಾರು ಎಂದು ಹೇಳುತ್ತಿದ್ದೇನೆ.)

ಅವರ ಕಾಯಿಲೆಗೆ ಬ್ರಾಂಕಿಯೆಕ್ಟಸಿಸ್ ಎಂದು ಹೆಸರು. ಹುಬ್ಬಳ್ಳಿಯ ಎದೆರೋಗದ ವೈದ್ಯರು ಸ್ಕ್ಯಾನಿನ ಫಿಲ್ಮನ್ನು ದೀಪಕ್ಕೆ ಹಿಡಿದು ನನಗೆ ತೋರಿಸಿದ್ದರು. ಶ್ವಾಸನಾಳದ ಕವಲುಗಳು ಎದೆಯ ಅಂಚಿಗೆ ಹೋದಂತೆ ಸಣ್ಣಗಾಗುತ್ತ ಹೋಗಬೇಕು, ಬೇರಿನ ಹಾಗೆ. ಅತ್ತೆಯವರ ಎಡಪುಪ್ಪುಸದಲ್ಲಿ ಅವು ಸಣ್ಣಗಾಗುವ ಬದಲು ಹಿಗ್ಗಿ ಜೋಲು ಬಿದ್ದಿವೆ. ಗೋಡೆಯ ಬಿಗಿ ಹೋಗಿದೆ. ಹೀಗಾಗಿ ಕಫ ತಾನಾಗಿ ಮೇಲೆ ಬರುವುದಿಲ್ಲ, ಅಲ್ಲಲ್ಲೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಏನಾಗುತ್ತದೆಂದು ನಮಗೆ ಗೊತ್ತಿದೆಯಲ್ಲ. ಕಫದ ಪರೀಕ್ಷೆಯಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮಣ್ಣಿನಲ್ಲಿ, ನೀರಿನಲ್ಲಿ, ಬಚ್ಚಲಿನ ಪಸೆಯಲ್ಲಿ ಎಲ್ಲೆಲ್ಲೂ ಇರುವಂಥದ್ದು. ಗಟ್ಟಿಮುಟ್ಟಾದವರ ಎದೆಗೆ ಅದು ಏನೂ ಮಾಡುವುದಿಲ್ಲ. ‘ಖಾಲಿ ಬಿದ್ದ ಮನಿ ಸಿಕ್ರ ಬಂದು ಸೇರ್ಕೊಳ್ಳೋ ಪೈಕಿ ಇದು’ ಎಂದರು ವೈದ್ಯರು. ಮನೆ ಖಾಲಿ ಬಿದ್ದದ್ದು ಹೇಗೆ ಎಂದು ಅವರು ಕೇಳಿದಾಗ ನಾನು, ‘ಹಿಂದ ಒಮ್ಮೆ ಟಿ.ಬಿ. ಆಗಿತ್ರಿ’ ಎಂದಷ್ಟೇ ಹೇಳಿದೆ. ಹೇಳದೆ ಬಿಟ್ಟದ್ದನ್ನು ಬರೆಯುವುದಕ್ಕೇ ಈಗ ಕೂತಿದ್ದೇನೆ.

ನಾನು ಸಮಾಜಶಾಸ್ತ್ರ ಕಲಿಸುವವಳು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಋಣ ಮುಗಿಯಿತು. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಧಾರವಾಡದಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದಿ, ಈಗ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿದ್ದಾಳೆ. ಊರಿಗೆ ಬಂದಾಗ ಮಾತನಾಡಿಸಿಕೊಂಡು ಹೋಗುತ್ತಾಳೆ. ಅತ್ತೆಯವರ ರಿಪೋರ್ಟು ನೋಡಿ ಅವಳು, ‘ಟೀಚರ್, ಇವು ಒಂದಕ್ಕೊಂದು ಮಾತಾಡ್ತಾವ್ರಿ’ ಎಂದಳು. ನಾನು ನಕ್ಕೆ. ‘ಖರೇನ ಟೀಚರ್, ಪಂಚಾಯ್ತಿ ಕೋರಂ ಇದ್ದಂಗ’ ಎಂದಳು.

ಕೋರಂ ನನಗೆ ಚೆನ್ನಾಗಿ ಗೊತ್ತು. ಶಾಲೆಯ ಎಸ್‌ಡಿಎಂಸಿ ಸಭೆಗೆ ನಾಲ್ಕು ಜನ ಬಂದಿರುತ್ತಾರೆ, ಇನ್ನುಳಿದವರು ಹೊಲದಲ್ಲಿ. ಬಂದವರು ಚಹ ಕುಡಿಯುತ್ತಾರೆ, ಮಳೆಯ ಬಗ್ಗೆ ಮಾತನಾಡುತ್ತಾರೆ, ಠರಾವಿನ ಪುಸ್ತಕ ಮಾತ್ರ ತೆರೆಯುವುದಿಲ್ಲ. ಹುಡುಗನೊಬ್ಬನನ್ನು ಓಡಿಸಿ ಇನ್ನಿಬ್ಬರನ್ನು ಕರೆತಂದ ಮೇಲೆ, ಇಷ್ಟು ಹೊತ್ತು ಸುಮ್ಮನಿದ್ದವರೇ ಐದು ನಿಮಿಷದಲ್ಲಿ ಕಟ್ಟಡ ಕೆಡವುವ ತೀರ್ಮಾನಕ್ಕೆ ಸಹಿ ಹಾಕಿಬಿಡುತ್ತಾರೆ.

ಬ್ಯಾಕ್ಟೀರಿಯಾಗಳದ್ದೂ ಹೀಗೆಯೇ ಅಂತೆ. ಪ್ರತಿಯೊಂದೂ ಒಂದು ಚಿಕ್ಕ ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ಸುತ್ತ ಯಾರೂ ಇಲ್ಲದಿದ್ದರೆ ಅದು ಹರಿದು ಚದುರಿ ಹೋಗುತ್ತದೆ. ಸಂತತಿ ಬೆಳೆದು ಒತ್ತೊತ್ತಾದಂತೆ ಆ ರಾಸಾಯನಿಕವೂ ದಟ್ಟವಾಗುತ್ತದೆ. ಒಂದು ಮಟ್ಟ ಮುಟ್ಟಿದ ಕೂಡಲೇ ಅದು ಜೀವಕೋಶದೊಳಗೇ ಮರಳಿ, ಅಲ್ಲಿಯವರೆಗೆ ಮುಚ್ಚಿಟ್ಟ ನೂರಾರು ಜೀನುಗಳನ್ನು ತೆರೆಯುತ್ತದೆ. ಒಂಟಿಯಾಗಿದ್ದಾಗ ಮಾಡದ ಕೆಲಸವನ್ನು ಆಗ ಎಲ್ಲವೂ ಒಟ್ಟಿಗೆ ಶುರುಮಾಡುತ್ತವೆ.

ಮೊದಲು ಇದು ಕಂಡದ್ದು ರೋಗದಲ್ಲಲ್ಲ, ಬೆಳಕಿನಲ್ಲಿ. ಸಮುದ್ರದ ಒಂದು ಪುಟ್ಟ ಸ್ಕ್ವಿಡ್ ತನ್ನ ಹೊಟ್ಟೆಯ ಕೆಳಗಿನ ಚೀಲದಲ್ಲಿ ಹೊಳೆಯುವ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡಿರುತ್ತದೆ. ಬೆಳದಿಂಗಳಲ್ಲಿ ಈಜುವಾಗ ತನ್ನ ನೆರಳು ಕೆಳಗಿನ ಬೇಟೆಗಾರರಿಗೆ ಕಾಣದಿರಲಿ ಎಂದು ಆ ಬೆಳಕು. ಅದೇ ಬ್ಯಾಕ್ಟೀರಿಯಾ ಸಮುದ್ರದ ನೀರಿನಲ್ಲಿ ಒಂಟಿಯಾಗಿ ತೇಲುವಾಗ ಬೆಳಗುವುದಿಲ್ಲ. ಇಂಥ ಬ್ಯಾಕ್ಟೀರಿಯಾಗಳು ಸಂಖ್ಯೆ ತುಂಬಿದ ಮೇಲಷ್ಟೇ ದೀಪ ಹಚ್ಚುತ್ತವೆ ಎಂದು ಅಮೆರಿಕದ ಕೆನೆತ್ ನೀಲ್ಸನ್ ಮತ್ತು ಹೇಸ್ಟಿಂಗ್ಸ್ 1970ರಲ್ಲಿ ತೋರಿಸಿದರು. ಬಹಳ ವರ್ಷ ಅದನ್ನು ಒಂದು ಸೋಜಿಗವೆಂದು ನೋಡಿದರೇ ಹೊರತು ಹೆಚ್ಚಿನವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 1994ರಲ್ಲಿ ಪೀಟರ್ ಗ್ರೀನ್‌ಬರ್ಗ್ ಮತ್ತು ಅವರ ಇಬ್ಬರು ಸಂಗಡಿಗರು ಇದಕ್ಕೆ ‘ಕೋರಂ ಸೆನ್ಸಿಂಗ್’ ಎಂದು ಹೆಸರಿಟ್ಟರು. ಅಂದರೆ ನನ್ನ ವಿದ್ಯಾರ್ಥಿನಿ ಹೋಲಿಕೆ ಕಟ್ಟಿ ಹೇಳಿರಲಿಲ್ಲ, ಹೆಸರೇ ಅದು.

ಸ್ಕ್ವಿಡ್‌ನ ಹೊಟ್ಟೆಯಲ್ಲಿ ದೀಪವಾದದ್ದೇ ಅತ್ತೆಯವರ ಎದೆಯಲ್ಲಿ ಬೆಂಕಿಯಾಗಿದೆ. ಸ್ಯೂಡೊಮೊನಾಸ್ ಸ್ವಲ್ಪವೇ ಇರುವಾಗ ತನ್ನ ವಿಷ ಹೊರಹಾಕಿದರೆ ದೇಹದ ಕಾವಲುಗಾರರು ಎಚ್ಚೆತ್ತು ಅದನ್ನು ಮುಗಿಸಿಬಿಡುತ್ತಾರೆ. ಸಂಖ್ಯೆ ತುಂಬಿದ ಮೇಲೆ ಅದು ವಿಷ ಬಿಡುತ್ತದೆ, ಪುಪ್ಪುಸದ ಹಿಗ್ಗು–ಕುಗ್ಗಿಗೆ ಆಧಾರವಾದ ಎಲಾಸ್ಟಿನ್ ಎಂಬ ನಾರನ್ನೇ ಕರಗಿಸುವ ಕಿಣ್ವ ಬಿಡುತ್ತದೆ, ಅಂಟುಅಂಟಾದ ಲೋಳೆಯ ಹೊದಿಕೆ ಕಟ್ಟಿಕೊಂಡು ಒಳಗೆ ಕೂಡುತ್ತದೆ. ಬಹಳ ದಿನ ನೀರು ನಿಂತ ಕೊಡದ ಒಳಮೈಗೆ ಕೈಯಾಡಿಸಿದರೆ ಜಾರುತ್ತದಲ್ಲ, ಅಂಥ ಪದರ. ಆ ಹೊದಿಕೆಯೊಳಗಿದ್ದವಕ್ಕೆ ಆಂಟಿಬಯೋಟಿಕ್ ಸರಿಯಾಗಿ ತಟ್ಟುವುದಿಲ್ಲ. ಬಯಲಲ್ಲಿದ್ದಾಗ ಸಾಯುತ್ತಿದ್ದ ಪ್ರಮಾಣಕ್ಕಿಂತ ನೂರಾರು ಪಟ್ಟು ಔಷಧಿಯನ್ನೂ ತಡೆದುಕೊಳ್ಳುತ್ತವೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯವರ ಕಫದಲ್ಲಿ ಈ ‘ಮಾತು’ಗಳು ನಿಜಕ್ಕೂ ಇವೆಯೆಂದು, ಅವು ಲೋಳೆಪದರದ ಬದುಕಿನ ಗುರುತೆಂದು ಪ್ರದೀಪ್ ಸಿಂಗ್ ಮತ್ತು ಸಂಗಡಿಗರು 2000ದಲ್ಲಿ ಕಂಡುಕೊಂಡರು. ಆ ಕಾಯಿಲೆ ಯುರೋಪಿನ ಮೂಲದವರಲ್ಲಿ ಹೆಚ್ಚು. ನಮ್ಮಲ್ಲಿ ಸ್ಯೂಡೊಮೊನಾಸ್‌ಗೆ ಮನೆ ತೆರವು ಮಾಡಿಕೊಡುವುದು ಬಹಳ ಸಲ ಕ್ಷಯ. 31 ಕೇಂದ್ರಗಳ 2195 ಭಾರತೀಯ ಬ್ರಾಂಕಿಯೆಕ್ಟಸಿಸ್ ರೋಗಿಗಳ ದಾಖಲೆಯೊಂದು 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಮೂವತ್ತೈದು ಜನರಿಗೆ ಮೂಲ ಕಾರಣ ಹಿಂದೆಂದೋ ಬಂದು ಹೋದ ಕ್ಷಯ. ಕಫದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಬ್ಯಾಕ್ಟೀರಿಯಾ ಇದೇ ಸ್ಯೂಡೊಮೊನಾಸ್.

ಇಷ್ಟು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಳದ ಕುತಂತ್ರಕ್ಕೆ ಹೆದರಿ ಅಲ್ಲ. ಅವು ಹೊಂಚು ಹಾಕುತ್ತವೆ, ಸಂಚು ಮಾಡುತ್ತವೆ ಎಂಬುದೆಲ್ಲ ನಾವು ಹಚ್ಚುವ ಮಾತು. ಅವಕ್ಕೆ ಮನಸ್ಸಿಲ್ಲ, ಆದ್ದರಿಂದ ಪಾಪವೂ ಇಲ್ಲ. ನನ್ನನ್ನು ಎಬ್ಬಿಸಿ ಕೂಡಿಸಿದ್ದು 1996ನೇ ಇಸವಿ.

ಆಗ ನಮ್ಮೂರು ಮೋಟೆಬೆನ್ನೂರು ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ಹಾವೇರಿ ಜಿಲ್ಲೆಯಾದದ್ದು ಮರುವರ್ಷ. ನಾನು ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಅತ್ತೆಯವರಿಗೆ ಆಗ ನನ್ನ ಈಗಿನ ವಯಸ್ಸು. ಎರಡು ತಿಂಗಳಿನಿಂದ ಕೆಮ್ಮು, ಸಂಜೆ ಜ್ವರ, ಕುಪ್ಪಸ ಜೋಲುವಷ್ಟು ಸೊರಗಿದ್ದರು. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಎಂದುಕೊಂಡೆವು. ಸುಗ್ಗಿಯಲ್ಲಿ ಈ ಕಡೆ ಯಾರು ಕೆಮ್ಮುವುದಿಲ್ಲ ಹೇಳಿ? ಕೊನೆಗೆ ಊರಿನವರ ಕಣ್ಣಿಗೆ ಬೀಳಬಾರದೆಂದು ದೂರದ ಊರಿನ ವೈದ್ಯರಿಗೆ ತೋರಿಸಿದರೆ ಕ್ಷಯ. ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಬೇಕು, ಆರಾಮಾಯಿತೆಂದು ನಡುವೆ ಬಿಡಬಾರದು ಎಂದು ಅವರು ಎರಡೆರಡು ಸಲ ಹೇಳಿ ಕಳಿಸಿದರು. ನಾನೂ ಜೊತೆಗಿದ್ದೆ, ಕಿವಿಯಾರೆ ಕೇಳಿದ್ದೇನೆ.

ಆ ಹೊತ್ತಿಗೇ ನಾದಿನಿಗೆ ರಾಣೆಬೆನ್ನೂರಿನಿಂದ ಸಂಬಂಧ ಕೂಡಿ ಬಂದಿತ್ತು. ತಾಯಿಗೆ ಕ್ಷಯ ಎಂದರೆ ಮಗಳನ್ನು ಯಾರು ತರುತ್ತಾರೆ? ಮಾವನವರು, ‘ಹೊರಗ ಬಾಯಿ ಬಿಡಬ್ಯಾಡ್ರಿ’ ಎಂದರು. ಅಷ್ಟೇ ಅಂದದ್ದು. ಗುಳಿಗೆ ನಿಲ್ಲಿಸಿ ಎಂದು ಅವರು ಹೇಳಲಿಲ್ಲ. ಔಷಧಿ ಮುಗಿಯಲು ಬಂದಾಗ ನಮ್ಮ ಮನೆಯವರು, ಲಗ್ನದ ಓಡಾಟದಲ್ಲಿದ್ದೇನೆ, ಬರುವ ವಾರ ತರುತ್ತೇನೆ ಎಂದರು. ಅವರೂ ನಿಲ್ಲಿಸಿ ಎನ್ನಲಿಲ್ಲ. ಬೀಗರು ಬಂದು ಹೋಗುವ ಮನೆಯೆಂದು ಗುಳಿಗೆಯ ಬಾಟಲಿಯನ್ನು ಯಾರೋ ಅಡುಗೆಮನೆಯ ಮಾಡದಲ್ಲಿ ರಂಜಕದ ಭರಣಿಯ ಹಿಂದೆ ಸರಿಸಿದರು. ಯಾರು ಎಂದು ಯಾರೂ ಕೇಳಲಿಲ್ಲ. ಆ ಗುಳಿಗೆ ನುಂಗಿದರೆ ಮೂತ್ರ ಕೆಂಪಾಗುತ್ತದೆ. ಮನೆ ತುಂಬ ನೆಂಟರಿದ್ದಾಗ ಒಂದೇ ಬಚ್ಚಲು. ಯಾರಾದರೂ ನೋಡಿದರೆ ಎಂಬ ಅಂಜಿಕೆ ಅತ್ತೆಯವರಿಗೆ. ಮೂರನೆಯ ತಿಂಗಳು ಒಂದು ರಾತ್ರಿ ನನಗೆ, ‘ಜ್ವರ ಇಲ್ಲ, ಊಟ ಸೇರತೈತಿ, ಇನ್ನ ಸಾಕಲ್ಲೇನ?’ ಎಂದರು. ಮನೆಯಲ್ಲಿ ಓದಿದವಳೆಂದು ನನ್ನನ್ನೇ ಕೇಳಿದ್ದು. ಮುಂಜಾನೆ ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ಪಾಠ ಹೇಳಿ ಬಂದವಳು ನಾನು. ‘ಆತು ಬಿಡ್ರಿ, ಲಗ್ನ ಮುಗೀಲಿ, ಆಮ್ಯಾಲ ನೋಡೋಣ’ ಎಂದೆ.

ಲಗ್ನ ಚೆನ್ನಾಗಿಯೇ ಆಯಿತು. ಆಮೇಲೆ ನೋಡಲಿಲ್ಲ.

ಎರಡು ವರ್ಷಕ್ಕೆ ರೋಗ ತಿರುಗಿ ಬಂತು. ಈ ಸಲ ಎಂಟು ತಿಂಗಳ ಚಿಕಿತ್ಸೆ, ಮೊದಲ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಸೂಜಿ. ಒಂದೂ ತಪ್ಪಿಸದೆ ಮುಗಿಸಿದರು, ಕ್ಷಯ ಹೋಯಿತು. ಆದರೆ ಅಷ್ಟರಲ್ಲಿ ಎಡಪುಪ್ಪುಸ ತಿಂದು ಹೋಗಿತ್ತು. ಆರೋಗ್ಯ ಕಾರ್ಯಕರ್ತರು ಕಣ್ಣೆದುರೇ ಗುಳಿಗೆ ನುಂಗಿಸುವ ಪದ್ಧತಿ ದೇಶದಲ್ಲಿ 1997ರಿಂದ ಹಂತಹಂತವಾಗಿ ಬಂದು 2006ರ ಹೊತ್ತಿಗೆ ಎಲ್ಲ ಕಡೆ ಮುಟ್ಟಿತು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳುವುದೂ ತಪ್ಪನ್ನು ಸರಕಾರದ ತಲೆಗೆ ಕಟ್ಟುವ ಒಂದು ಉಪಾಯವೇ.

ಈಗ ನೀವೇ ಹೇಳಿ, ಅತ್ತೆಯವರ ಪುಪ್ಪುಸ ಕೆಡಿಸಿದವರು ಯಾರು? ಮಾವನವರು ಆಡಿದ್ದು ಒಂದು ಮಾತು. ಯಜಮಾನರು ಮಾಡಿದ್ದು ಒಂದು ವಾರದ ತಡ. ಬಾಟಲಿ ಸರಿಸಿದ ಕೈ ಮಾಡಿದ್ದು ಒಂದು ಗೇಣು ದೂರದ ಕೆಲಸ. ನಾನು ಆಡಿದ್ದು ನಾಲ್ಕು ಶಬ್ದ. ಒಂದೊಂದನ್ನೇ ತೆಗೆದು ನೋಡಿದರೆ ಯಾವುದೂ ಅಪರಾಧವಲ್ಲ. ಒಬ್ಬರೇ ಆಗಿದ್ದರೆ ನಮ್ಮಲ್ಲಿ ಯಾರೂ ಆ ಗುಳಿಗೆ ನಿಲ್ಲಿಸುತ್ತಿರಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಆದರೆ ಮನೆಯ ಗಾಳಿಯಲ್ಲಿ ಒಂದು ಮಾತು ದಟ್ಟವಾಗುತ್ತ ಹೋಯಿತು. ಎಲ್ಲರೂ ಅದನ್ನು ಸ್ವಲ್ಪ ಸ್ವಲ್ಪ ಬಿಟ್ಟೆವು, ಎಲ್ಲರೂ ಕೇಳಿದೆವು, ಒಂದು ದಿನ ಕೋರಂ ತುಂಬಿತು.

2024ರ ಮಾರ್ಚ್ 11ರಂದು ಪಕ್ಕದ ಬ್ಯಾಡಗಿಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಮೆಣಸಿನಕಾಯಿಯ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಆರಿಸಲು ಬಂದ ಅಗ್ನಿಶಾಮಕದ ಗಾಡಿಯೂ ಸುಟ್ಟಿತು. ಆ ಹೊಗೆ ನೋಡಿದವರು ನಮ್ಮೂರಲ್ಲೂ ಇದ್ದಾರೆ. ದೂರದೂರುಗಳಿಂದ ಚೀಲ ಹೇರಿಕೊಂಡು ಬಂದ ಆ ರೈತರಲ್ಲಿ ಒಬ್ಬೊಬ್ಬರನ್ನೇ ಕರೆದು ಕೂಡಿಸಿದರೆ ಗಾಡಿಗೆ ಕಡ್ಡಿ ಗೀರುವ ಮನುಷ್ಯ ಸಿಗುತ್ತಾನೆಯೇ? ಅವನು ದರ ಕೇಳಿ, ತಲೆಗೆ ಕೈ ಹಚ್ಚಿ, ಚಹ ಕುಡಿದು ಊರಿಗೆ ಹೋಗುವವನು. ಅವನ ಹೊಟ್ಟೆಯ ಸಂಕಟ ಸುಳ್ಳಲ್ಲ. ಆದರೆ ಸಂಕಟ ಒಬ್ಬೊಬ್ಬರದೇ ಇತ್ತು, ಬೆಂಕಿ ಮಾತ್ರ ಯಾರದೂ ಆಗಲಿಲ್ಲ.

ಹಾಗೆಂದು ಗುಂಪೇ ಕೆಟ್ಟದ್ದು, ಗುಟ್ಟೇ ಕೆಟ್ಟದ್ದು ಎಂದು ನಾನು ಹೇಳಲಾರೆ. ನಮ್ಮದು ಮೈಲಾರ ಮಹದೇವಪ್ಪನವರ ಊರು. ಗಾಂಧೀಜಿಯ ಜೊತೆ ದಂಡಿಗೆ ನಡೆದ ಆ ತರುಣ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಭೂಗತರಾಗಿ ಓಡಾಡುತ್ತಿದ್ದ ಅಂಥವರಿಗೆ ಕತ್ತಲಲ್ಲಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟ ಹೆಣ್ಣುಮಕ್ಕಳು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಅಂದಿನ ಬಾಯಿ ಮುಚ್ಚುವಿಕೆ ಇನ್ನೊಬ್ಬರ ಜೀವ ಕಾಯಿತು. ನಮ್ಮ ಮನೆಯದು ಮರ್ಯಾದೆ ಕಾಯಿತು. ಎರಡಕ್ಕೂ ಒಂದೇ ಬಾಯಿ, ಒಂದೇ ಬೀಗ. ತರಗತಿಯಲ್ಲಿ ಮಹದೇವಪ್ಪನವರ ಪಾಠ ಮಾಡುವಾಗ ಈ ವ್ಯತ್ಯಾಸ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನನ್ನ ವಿದ್ಯಾರ್ಥಿನಿ ಇನ್ನೊಂದು ಸಂಗತಿ ಹೇಳಿದಳು. ವರ್ಷಗಟ್ಟಲೆ ಒಂದೇ ಪುಪ್ಪುಸದಲ್ಲಿ ಉಳಿದ ಸ್ಯೂಡೊಮೊನಾಸ್‌ಗಳಲ್ಲಿ ಕೆಲವಕ್ಕೆ ಕಿವಿ ಕೆಡುತ್ತದೆ. ಮಾತು ಕೇಳಿಸಿಕೊಳ್ಳುವ ಜೀನು ಒಡೆದು ಹೋಗುತ್ತದೆ. ಅವು ಕೋರಂಗೆ ಓಗೊಡುವುದಿಲ್ಲ, ಕಿಣ್ವ ತಯಾರಿಸುವ ಶ್ರಮ ಪಡುವುದಿಲ್ಲ. ಆದರೆ ಉಳಿದವು ಕರಗಿಸಿಟ್ಟ ಅನ್ನವನ್ನು ಆರಾಮಾಗಿ ಉಣ್ಣುತ್ತವೆ. ವಿಜ್ಞಾನಿಗಳೇ ಇವನ್ನು ‘ಮೋಸಗಾರರು’ ಎಂದು ಕರೆದಿದ್ದಾರಂತೆ. ಕೇಳಿ ನನಗೆ ಮೊದಲು ನಗು ಬಂತು, ಎಲ್ಲ ಕೂಡುಕುಟುಂಬದಲ್ಲೂ ಇಂಥವರೊಬ್ಬರು ಇರುತ್ತಾರಲ್ಲ! ಆಮೇಲೆ ಯೋಚಿಸಿದೆ. ಕೇಳಿಸಲಿಲ್ಲ ಎಂದು ಇದ್ದುಬಿಡುವವರು ಪಾಪದಿಂದ ಹೊರಗೋ ಒಳಗೋ? ನನಗಂತೂ ಆ ಸವಲತ್ತು ಇಲ್ಲ. ನನ್ನ ಕಿವಿ ಚೆನ್ನಾಗಿಯೇ ಇತ್ತು.

ಅತ್ತೆಯವರಿಗೆ ಈಗ ಕೊಡುತ್ತಿರುವ ಔಷಧಿಗಳಲ್ಲಿ ಅಜಿತ್ರೊಮೈಸಿನ್ ಒಂದು. ವಾರಕ್ಕೆ ಮೂರೇ ದಿನ. ಕೊಡುವ ಮೊದಲು ವೈದ್ಯರು ಕಫದಲ್ಲಿ ಕ್ಷಯದ ಬಳಗದ ಯಾವ ಹುಳವೂ ಇಲ್ಲವೆಂದು ಪರೀಕ್ಷಿಸಿ, ಹೃದಯದ ಇಸಿಜಿ ತೆಗೆಸಿ, ಕಿವಿಯನ್ನೂ ನೋಡಿದರು. ವಿಚಿತ್ರವೆಂದರೆ ಆ ಪ್ರಮಾಣದಲ್ಲಿ ಅದು ಸ್ಯೂಡೊಮೊನಾಸನ್ನು ಕೊಲ್ಲುವುದಿಲ್ಲ. ಎದೆಯ ಉರಿಯೂತವನ್ನು ತಗ್ಗಿಸುತ್ತದೆ. ಪ್ರಯೋಗಶಾಲೆಯಲ್ಲಿ ನೋಡಿದರೆ ಬ್ಯಾಕ್ಟೀರಿಯಾಗಳ ಪರಸ್ಪರ ಮಾತನ್ನೂ ಅಡಗಿಸುತ್ತದೆ. ಮೊದಲು ವರ್ಷಕ್ಕೆ ನಾಲ್ಕು ಸಲ ಆಸ್ಪತ್ರೆಯ ಮಂಚ ಹತ್ತುತ್ತಿದ್ದವರು ಕಳೆದ ವರ್ಷ ಒಂದೇ ಸಲ ಹತ್ತಿದರು. ಬೆಳ್ಳುಳ್ಳಿಯಲ್ಲೂ ಈ ಮಾತು ಕೆಡಿಸುವ ಗುಣವಿದೆಯೆಂದು ಡೆನ್ಮಾರ್ಕಿನ ವಿಜ್ಞಾನಿಗಳು ತೋರಿಸಿದ್ದಾರೆ. ಅದನ್ನು ಕೇಳಿ ಅತ್ತೆಯವರು, ‘ಹಂಗಾರ ನಮ್ಮ ರಂಜಕಾನ ಔಷಧ’ ಎಂದು ಹಿಗ್ಗಿದರು. ಆದರೆ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಬೆಳ್ಳುಳ್ಳಿಯ ಗುಳಿಗೆ ಕೊಟ್ಟು ನೋಡಿದ ಒಂದು ಸಣ್ಣ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ರಂಜಕ ರೊಟ್ಟಿಗಿರಲಿ, ಎದೆಗೆ ಬೇಡ.

ಈ ಸಲ ಪಂಚಮಿಗೆ ನಾದಿನಿ ತವರಿಗೆ ಬಂದಳು, ಮಗಳು ಮೊಮ್ಮಗನನ್ನು ಕರೆದುಕೊಂಡು. ಶೇಂಗಾದ ಉಂಡಿ ಮೆಲ್ಲುತ್ತಿದ್ದ ಮಗು ಮುತ್ತಜ್ಜಿಯ ಲೋಟಕ್ಕೆ ಕೈ ಹಾಕಿದ ಕೂಡಲೇ ಅವಳು ಕಸಿದುಕೊಂಡಳು. ‘ಅವ್ವಾ, ನಿನ್ನ ಲೋಟಾ ಬ್ಯಾರೆ ಇಟಗೊ ಅಂತ ಎಷ್ಟ ಸಲ ಹೇಳೀನಿ’ ಎಂದಳು. ಅತ್ತೆಯವರು ಮಾತನಾಡದೆ ಲೋಟವನ್ನು ಸೆರಗಿನ ಮರೆಗೆ ಎಳೆದುಕೊಂಡರು. ಇಪ್ಪತ್ತೆಂಟು ವರ್ಷ ಕಳೆದರೂ ಆ ಕೈಗೆ ಬಚ್ಚಿಡುವ ರೂಢಿ ಹೋಗಿಲ್ಲ ಎಂದು ನೋಡಿ ನನಗೆ ತಡೆಯಲಾಗಲಿಲ್ಲ. ಈಗಿರುವುದು ಆ ರೋಗವಲ್ಲ, ಆರೋಗ್ಯವಂತ ಮಗುವಿಗೆ ಇದರಿಂದ ಹೆದರಿಕೆಯಿಲ್ಲ ಎಂದು ಹೇಳಿದೆ. ಹೇಳುತ್ತ ಹೇಳುತ್ತ ಅಲ್ಲಿಗೇ ನಿಲ್ಲಲಿಲ್ಲ, 1996ಕ್ಕೂ ಹೋದೆ. ಗುಳಿಗೆ ಏಕೆ ನಿಂತಿತು, ನಾನು ಏನಂದೆ, ಎಲ್ಲ ಹೇಳಿದೆ. ಇಷ್ಟು ವರ್ಷದ ಮೇಲೆ ಅವಳ ತಲೆಯ ಮೇಲೆ ಈ ಭಾರ ಹೊರಿಸುವುದು ನ್ಯಾಯವೇ ಎಂಬ ಯೋಚನೆ ಮಾತಿನ ನಡುವೆಯೇ ಬಂತು, ಆದರೆ ಮಾತು ಅರ್ಧಕ್ಕೆ ಬಂದಾಗಿತ್ತು.

ಅವಳು ಮಗುವಿನ ಬಾಯಿ ಒರೆಸುತ್ತ ಕೂತಿದ್ದಳು. ‘ವೈನಿ, ನನಗ ಗೊತ್ತೈತಿ’ ಎಂದಳು. ‘ರಂಜಕದ ಭರಣಿ ಹಿಂದ ಬಾಟ್ಲಿ ನಾನೂ ನೋಡಿದ್ದೆ. ಹಂಗ ಇತ್ತು, ದಿನಾ ನೋಡತಿದ್ದೆ, ಗುಳಗಿ ಕಡಿಮಿ ಆಗತಿರಲಿಲ್ಲ. ಕೇಳಿದ್ರ ಲಗ್ನ ನಿಲ್ಲತೈತಿ ಅಂತ ಸುಮ್ಮನಾದೆ.’

ಅತ್ತೆಯವರು ಇಬ್ಬರನ್ನೂ ನೋಡಿದರು. ಲೋಟವನ್ನು ಸೆರಗಿನಿಂದ ಹೊರಗೆ ತೆಗೆದು ನೆಲದ ಮೇಲಿಟ್ಟರು. ‘ಆಗಿದ್ದ ಆಗಿ ಹೋತು. ನಾ ನುಂಗಲಿಲ್ಲ, ನೀವು ಕೇಳಲಿಲ್ಲ’ ಎಂದು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು.

ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ನಾದಿನಿ ತಾಯಿಯ ಮಗ್ಗುಲಲ್ಲಿ ಕೂತಿದ್ದಳು. ಅಂಗೈ ಚಪ್ಪಟೆ ಮಾಡಿ ಬಡಿಯುತ್ತಿದ್ದಳು, ಹಾಗೆ ಬಡಿದರೆ ಚರ್ಮ ಉರಿಯುತ್ತದೆಯೇ ಹೊರತು ಕಫ ಸಡಿಲಾಗುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಹೇಳಬೇಕು ಅನ್ನುವಷ್ಟರಲ್ಲಿ ಅತ್ತೆಯವರೇ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಹೇಳಿದರು, ‘ಕೈ ಬಟ್ಟಲಾ ಮಾಡ. ವೈನಿ ಮಾಡತಾಳಲ್ಲ, ಹಂಗ. ಇನ್ನೊಂದೀಟು ಕೆಳಗ.’